ಕೆಳಗೊಂದು ರೂಮ್ ಇರಲಿ

ಮೂವತ್ತು-ನಲವತ್ತರ ಸೈಟು ಅಂದ್ರೆ 1,200 ಚದರಡಿ. ಲೋನ್ ಪಾಸಾದ ದಿನ ಅದು ಮೈದಾನದ ಥರ ಕಾಣುತ್ತೆ. ಸುತ್ತ ಬಿಡಬೇಕಾದ ಜಾಗ, ಕಾರಿನ ಜಾಗ, ಮೆಟ್ಟಿಲು, ಗೋಡೆಗಳ ದಪ್ಪ ಎಲ್ಲ ಕಳೆದು ನೋಡಿದಾಗಲೇ ಗೊತ್ತಾಗೋದು, ನಾವು ಹಂಚ್ಕೊಳ್ಳೋಕೆ ಹೊರಟಿರೋದು ಎಷ್ಟು ಚಿಕ್ಕದು ಅಂತ. ಮನೆ ಕಟ್ತಿದೀವಿ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಕೇಳೋದು "ಎಷ್ಟು ಬಿಎಚ್‌ಕೆ?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕೆಳಗಡೆ ಮಲಗೋರು ಯಾರು?

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಒಂದು ಸಿದ್ಧ ಸೂತ್ರ ಇದೆ. ಕೆಳಗೆ ಕಾರು ಮತ್ತು ಬಾಡಿಗೆಗೆ ಒಂದು ಪುಟ್ಟ ಮನೆ, ಮೇಲೆ ಓನರ್. ಬಾಡಿಗೆ ಬಂದರೆ ಇಎಂಐ ಭಾರ ಇಳಿಯುತ್ತೆ ಅನ್ನೋ ಲೆಕ್ಕ. ನಮ್ಮ ಎಂಜಿನಿಯರ್ ತಂದ ಮೊದಲ ಪ್ಲಾನ್ ಕೂಡ ಅದೇ. ಆದರೆ ನಮ್ಮ ಜೊತೆ ಅತ್ತೆ-ಮಾವ ಇರ್ತಾರೆ. ಅತ್ತೆಗೆ ಮಂಡಿ ನೋವು, ಈಗಲೇ ಬಸ್ ಹತ್ತೋಕೆ ಕಂಬಿ ಹಿಡೀತಾರೆ. ಒಂದು ಮಹಡಿ 10 ಅಡಿ ಎತ್ತರ, ಒಂದೊಂದು ಮೆಟ್ಟಿಲು 7 ಇಂಚು ಅಂದ್ರೆ ಹತ್ತಿರ ಹತ್ತಿರ 17 ಮೆಟ್ಟಿಲು. ಹಾಲಿಗೆ, ಹೂವಿಗೆ, ತರಕಾರಿ ಗಾಡಿಗೆ, ಸಂಜೆ ಗೇಟಿನ ಹತ್ತಿರದ ಮಾತಿಗೆ ಅಂತ ದಿನಕ್ಕೆ ನಾಲ್ಕು ಸಲ ಇಳಿದು ಹತ್ತಿದರೆ 136 ಮೆಟ್ಟಿಲು. ಐದು ವರ್ಷ ಬಿಟ್ಟು ಅವರು ಇಳಿಯೋದನ್ನೇ ನಿಲ್ಲಿಸ್ತಾರೆ. ಮನೆ ನಮ್ಮದಾಗಿರುತ್ತೆ, ಬೀದಿ ಅವರ ಕೈ ತಪ್ಪಿರುತ್ತೆ.

ಮಾವನಿಗೆ ಇದು ಒಪ್ಪಿಗೆ ಇರಲಿಲ್ಲ. "ಬಾಡಿಗೆ ಬರೋ ಜಾಗ ಯಾಕಮ್ಮ ಸುಮ್ನೆ ಬಿಡೋದು? ನಾವು ಹೇಗೋ ಹತ್ತಿಕೊಳ್ತೀವಿ" ಅಂದ್ರು. ಎಕ್ಸೆಲ್ ಶೀಟ್ ತೆಗೆದು ಕೂತ್ವಿ. ಬಾಡಿಗೆ ಬಿಟ್ಟುಕೊಟ್ಟರೆ ಕೈ ಬಿಗಿ ಆಗೋದು ನಿಜ, ಅದನ್ನು ಯಾವ ಫಾರ್ಮುಲಾನೂ ಮುಚ್ಚಿಡಲ್ಲ. ಅದೇ ಶೀಟಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಕಾರಿಗೆ ಬೇಕಾದ್ದು 10 ಅಡಿಗೆ 16 ಅಡಿ, ಅಂದ್ರೆ 160 ಚದರಡಿ. ಇಬ್ಬರು ಮಲಗೋ 10x11ರ ರೂಮು, ಜೊತೆಗೆ 5x8ರ ಬಾತ್‌ರೂಮು ಸೇರಿದರೆ 150. ಕಾರಿಗೆ ಮಳೆ ಬೀಳಬಾರದು ಅಂತ ಯಾರೂ ವಾದ ಮಾಡದೆ ಜಾಗ ಕೊಡ್ತೀವಲ್ಲ! ಮಾವ ಆ ಎರಡು ಅಂಕಿ ನೋಡಿ ಕನ್ನಡಕ ತೆಗೆದಿಟ್ರು. ಬಾಡಿಗೆ ಮನೆ ಪ್ಲಾನಿಂದ ಹೋಯ್ತು.

ಆಮೇಲೆ ವಾಸ್ತು ನೋಡೋರು ಬಂದ್ರು. ಯಜಮಾನರ ಕೋಣೆ ನೈಋತ್ಯದಲ್ಲಿ, ಅದೂ ಮೇಲಿನ ಮಹಡಿಯಲ್ಲಿ ಇರಲಿ ಅಂದ್ರು. "ನೈಋತ್ಯ ಕೆಳಗೂ ಇದೆಯಲ್ಲ ಸಾರ್?" ಅಂತ ನನ್ನ ಗಂಡ ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, "ಇದೆ" ಅಂದ್ರು. ನಮ್ಮದು ಪೂರ್ವದ ಸೈಟು. ಆಗ್ನೇಯದಲ್ಲಿ ಅಡುಗೆಮನೆ ಬಂತು, ಬೆಳಗಿನ ಬಿಸಿಲೂ ಬಂತು, ಯಾರಿಗೂ ತಕರಾರಿಲ್ಲ. ನೈಋತ್ಯದ ರೂಮಿಗೆ ಮಾತ್ರ ಮಧ್ಯಾಹ್ನದ ಮೇಲಿನ ಬಿಸಿಲು ನೇರ ಬಡಿಯುತ್ತೆ. ಅದಕ್ಕೇ ಪಶ್ಚಿಮದ ಗೋಡೆಗೆ ವಾರ್ಡ್‌ರೋಬ್ ಆನಿಸಿ, ಆ ಕಡೆ ಕಿಟಕಿ ಸಣ್ಣದು ಮಾಡಿದ್ವಿ.

ಇನ್ನು ಅಳತೆ. ಪ್ಲಾನಿನಲ್ಲಿ 10x11 ಅಂತ ಬರೆದಿದ್ದು ನೋಡಿ ಸಮಾಧಾನ ಪಡಬೇಡಿ, ಮಂಚ ಇಟ್ಟು ನೋಡಿ. ಕಿಂಗ್ ಸೈಜ್ ಮಂಚ ಆರೂವರೆ ಅಡಿ ಉದ್ದ. ಎದುರಿನ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್. 10 ಅಡಿಯಲ್ಲಿ ಉಳಿಯೋದು ಒಂದೂವರೆ ಅಡಿ. ಬಾಗಿಲು ತೆಗೆದು ಸೀರೆ ಹುಡುಕೋರು ಎಲ್ಲಿ ನಿಂತ್ಕೋಬೇಕು? ಮಂಚ ತಿರುಗಿಸಬೇಕು, ಇಲ್ಲ ವಾರ್ಡ್‌ರೋಬ್ ಪಕ್ಕದ ಗೋಡೆಗೆ ಹೋಗಬೇಕು. ಗೋಡೆಯ ಒಳಗಿನಿಂದ ಒಳಗೆ, ಪ್ಲಾಸ್ಟರ್ ಆದ ಮೇಲೆ ಎಷ್ಟು ಉಳಿಯುತ್ತೆ ಅಂತಲೂ ಕೇಳಿ.

ನಾವು ಮಾಡಿದ್ದು ಇಷ್ಟೇ: ಈಗಿರೋ ಬಾಡಿಗೆ ಮನೆಯ ಟೆರೇಸಿನ ಮೇಲೆ ಚಾಕ್‌ಪೀಸಿನಲ್ಲಿ ಇಡೀ ರೂಮನ್ನು ನಿಜವಾದ ಅಳತೆಯಲ್ಲಿ ಬರೆದ್ವಿ. ಗೋಡೆ, ಬಾಗಿಲು, ಮಂಚ, ಕಮೋಡ್, ಎಲ್ಲ. ಅತ್ತೆ ಗೆರೆಯ ಮಂಚದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಸುತ್ತ ನೋಡಿದರು. "ಅಲ್ಲ ಕಣೇ, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋಕೆ ನಿಮ್ಮ ಮಾವನ್ನ ಸುತ್ಕೊಂಡು ಹೋಗ್ಬೇಕಾ?" ಮೂರು ತಿಂಗಳಿಂದ ಆ ಪಿಡಿಎಫ್ ನೋಡ್ತಿದ್ದ ನಾಲ್ಕು ಜನರಲ್ಲಿ ಯಾರಿಗೂ ಹೊಳೆಯದ್ದು ಅದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಗಿಲನ್ನು ಅವರ ಕಡೆಗೆ ಬರೆದ್ವಿ. ಒಂದು ಚಾಕ್‌ಪೀಸಿನ ಖರ್ಚು.

ಆ ಬಾತ್‌ರೂಮಿನ ಬಗ್ಗೆ ನಾನು ಹಟ ಹಿಡಿದ ವಿಷಯಗಳಿವೆ. ಬಾಗಿಲು 3 ಅಡಿ ಅಗಲ, ನಾಳೆ ವಾಕರ್ ಬಂದ್ರೂ ಒಳಗೆ ಹೋಗಬೇಕು. ಬಾಗಿಲು ಹೊರಗಡೆಗೆ ತೆಗೆಯಬೇಕು. ಒಳಗೆ ಯಾರಾದರೂ ಜಾರಿ ಬಿದ್ದರೆ, ಒಳಗೆ ತಳ್ಳೋ ಬಾಗಿಲು ಅವರ ಮೈಗೇ ಅಡ್ಡ ಆಗುತ್ತೆ, ತೆಗೆಯೋಕೇ ಆಗಲ್ಲ. ಹೊಸ್ತಿಲ ಎತ್ತರ ಬೇಡ, ನೀರು ಹೊರಗೆ ಬಾರದ ಹಾಗೆ ಇಳಿಜಾರು ಕೊಟ್ಟರೆ ಸಾಕು. ಕಮೋಡ್ ಪಕ್ಕದ ಗೋಡೆ ಗಟ್ಟಿ ಇಟ್ಟಿಗೆಯದ್ದಾಗಿರಲಿ, ಮುಂದೆ ಹಿಡಿಕೆ ಕೂರಿಸೋಕೆ. ಲೈಟಿನ ಸ್ವಿಚ್ ಮಂಚದಿಂದ ಕೈಗೆಟುಕಬೇಕು. ಇವೆಲ್ಲ ಈಗ ಮಾಡಿದರೆ ಖರ್ಚು ಅಂತ ಅನ್ನಿಸೋದೇ ಇಲ್ಲ.

ಬೆಳಕಿನದು ಬೇರೆಯೇ ತಲೆನೋವು. ಅಕ್ಕಪಕ್ಕದ ಸೈಟಿನವರೂ ಕಟ್ಟಿದ ಮೇಲೆ ಪಕ್ಕದ ಕಿಟಕಿಗಳು ಅವರ ಗೋಡೆ ನೋಡ್ತಾ ನಿಲ್ಲುತ್ತವೆ. ಬೆಳಕು ಬರೋದು ಮುಂದೆ, ಹಿಂದೆ, ಮೇಲೆ ಅಷ್ಟೇ. ನಮ್ಮ ಕೋಡಿಂಗ್ ಜಗತ್ತಿನ 'ಡಿಸೈನ್ ಪ್ಯಾಟರ್ನ್' ಅನ್ನೋ ಮಾತು ಬಂದಿದ್ದೇ ಮನೆ ಕಟ್ಟೋರಿಂದ, ಕ್ರಿಸ್ಟೋಫರ್ ಅಲೆಕ್ಸಾಂಡರ್ ಅನ್ನೋ ವಾಸ್ತುಶಿಲ್ಪಿಯಿಂದ. ಅವರು ಸಂಗಡಿಗರ ಜೊತೆ 1977ರಲ್ಲಿ ತಂದ 'ಎ ಪ್ಯಾಟರ್ನ್ ಲ್ಯಾಂಗ್ವೇಜ್' ಪುಸ್ತಕದ ಒಂದು ಸಲಹೆ, ಪ್ರತಿ ರೂಮಿಗೂ ಎರಡು ಕಡೆಯಿಂದ ಬೆಳಕು ಬರಲಿ ಅನ್ನೋದು. ನಮ್ಮ ಸೈಟಿನಲ್ಲಿ ಎಲ್ಲ ರೂಮಿಗೂ ಅದು ಸಾಧ್ಯವಿಲ್ಲ. ಹಾಗಾಗಿ ಬೆಳಕು ಅಷ್ಟಾಗಿ ಬೇಡದ ಸ್ಟೋರು, ಬಾತ್‌ರೂಮುಗಳನ್ನು ಪಕ್ಕದ ಗೋಡೆಗೆ ತಳ್ಳಿ, ಮುಂದೆ-ಹಿಂದೆ ಇರೋ ಜಾಗ ಜನ ಕೂರೋ, ಮಲಗೋ ರೂಮುಗಳಿಗೆ ಕೊಟ್ವಿ. ಮಧ್ಯದ ಹಾಲಿಗೆ ಮೆಟ್ಟಿಲ ಪಕ್ಕ 4x5 ಅಡಿ ತೆರೆದು ಬಿಟ್ಟು ಮೇಲೆ ಗಾಜು. ಅಜ್ಜಿಮನೆಯ ತೊಟ್ಟಿಯನ್ನು ಕುಗ್ಗಿಸಿ ಕುಗ್ಗಿಸಿ ಉಳಿಸಿಕೊಂಡ ತುಣುಕು ಅದು. ಮುಂದೆ ಇನ್ನೊಂದು ಮಹಡಿ ಕಟ್ಟಿದರೂ ಅದನ್ನು ಮುಚ್ಚಕೂಡದು ಅಂತ ಪ್ಲಾನಿನಲ್ಲೇ ಬರೆಸಿದೀವಿ.

ಮೇಲಿನ ಮಹಡಿ ನಮ್ಮದು, ಅಲ್ಲಿ ಹೆಚ್ಚು ಜಗಳ ಆಗಲಿಲ್ಲ. ವರ್ಕ್ ಫ್ರಮ್ ಹೋಮ್ ಮೇಜು ಅಡುಗೆಮನೆಯ ಮೇಲೆ ಬೇಡ ಅಂದೆ, ಮಿಕ್ಸಿ ಸದ್ದು ಕಾಲ್‌ನಲ್ಲಿ ಎಲ್ಲರಿಗೂ ಕೇಳುತ್ತೆ. ಮೇಲಿನ ಬಾತ್‌ರೂಮು ಕೆಳಗಿನದರ ಮೇಲೆಯೇ ಕೂತಿದೆ, ಪೈಪು ನೇರ ಇಳಿಯುತ್ತೆ, ಯಾರ ತಲೆ ಮೇಲೂ ಹಾಯಲ್ಲ.

ಈಗ ತಳಪಾಯದ ಕೆಲಸ ನಡೀತಿದೆ. ನೆಲದಡಿ ಹೋಗೋ ಪೈಪುಗಳ ಮೇಲೆ ಮಣ್ಣು, ಕಾಂಕ್ರೀಟ್ ಬೀಳೋ ಮೊದಲು ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ, ಗೋಡೆಯಿಂದ ಎಷ್ಟು ದೂರ ಅಂತ ಓದೋ ಹಾಗೆ. ನಮ್ಮ ಮನೆಯಲ್ಲಿ ಆ ಕೆಲಸ ಮಾವನದು. ದಿನಾ ಸಂಜೆ ಫ್ಯಾಮಿಲಿ ಗ್ರೂಪಿಗೆ ಹನ್ನೆರಡು ಫೋಟೋ ಬರುತ್ತೆ, ಅರ್ಧದಲ್ಲಿ ಅವರ ಹೆಬ್ಬೆರಳೇ ಇರುತ್ತೆ.