ತೂಕಕ್ಕೆ ಸಿಕ್ಕದ ಹೊರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹೊರೆಯೆಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ತೋಟದಲ್ಲಿ ಕೆಡವಿದ ಕಾಯನ್ನು ಮನೆಗೆ ಸೇರಿಸುವುದು, ಅಟ್ಟಕ್ಕೆ ಏರಿಸುವುದು, ತಿಂಗಳುಗಟ್ಟಲೆ ಕಾದು ಇಳಿಸುವುದು, ಸುಲಿದು ಒಡೆದು ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸುವುದು—ಎಲ್ಲವೂ ಬೆನ್ನು ಹೆಗಲುಗಳ ಕೆಲಸವೇ. ಸುಲಿದ ಕಾಯಿ ಒಂದಕ್ಕೆ ಅರ್ಧ ಕಿಲೋ ಎಂದು ಹಿಡಿದರೆ 50 ಕಾಯಿಗೆ 25 ಕಿಲೋ ಆಯಿತು. ತೋಟದ ಆಳಿಗೆ ಅದೇನೂ ದೊಡ್ಡ ಭಾರವಲ್ಲ.

ಆ 50 ಕಾಯಿಗಳ ಮೂಟೆಯನ್ನೇ ಬೆನ್ನಿಗೆ ಬಿಗಿದುಕೊಂಡು, ತೋಟದ ಬದುವಿನ ಮೇಲಲ್ಲ, ಮಂಜುಗಡ್ಡೆಯ ಕಡಿದಾದ ಗೋಡೆಯ ಮೇಲೆ, ಉಸಿರಿಗೆ ಬೇಕಾದ ಗಾಳಿಯೇ ಅರ್ಧಕ್ಕಿಳಿದಿರುವ ಎತ್ತರದಲ್ಲಿ, ನಡುರಾತ್ರಿಯ ಕತ್ತಲಲ್ಲಿ ಏರುವುದನ್ನು ವಾಚಕರು ಒಮ್ಮೆ ಕಲ್ಪಿಸಿಕೊಳ್ಳಬೇಕು. ಈ ಸೀಮೆಯ ಎಷ್ಟೋ ಮನೆಗಳ ಮಕ್ಕಳು ದಂಡಿಗೆ ಸೇರಿ ಹೊರುವ ಹೊರೆ ಅಂಥದು.

ಆ ಮೂಟೆಯಲ್ಲಿ ಇರುವುದೇನು? ಬಂದೂಕೇ ನಾಲ್ಕು ಕಿಲೋಗಳಷ್ಟು. ಅದಕ್ಕೆ ಗುಂಡುಗಳು, ಕೈಬಾಂಬುಗಳು, ನೀರು, ಹೊದಿಕೆ, ಹಗ್ಗ, ಗಾಯಕ್ಕೆ ಕಟ್ಟುವ ಪಟ್ಟಿ, ಒಂದೆರಡು ದಿನದ ಆಹಾರ. ಇದರ ಮೇಲೆ ಒಬ್ಬನಿಗೆ ಮೆಷಿನ್ ಗನ್ ಬರುತ್ತದೆ, ಮತ್ತೊಬ್ಬನಿಗೆ ರೇಡಿಯೋ ಪೆಟ್ಟಿಗೆ. ಯಾವುದನ್ನು ಬಿಡಬಹುದು? 1999ರ ಕಾರ್ಗಿಲ್ ಯುದ್ಧದಲ್ಲಿ ಶಿಖರಗಳನ್ನೇರಿದವರು ಊಟವನ್ನು ಕಡಿಮೆ ಮಾಡಿ ಗುಂಡುಗಳನ್ನು ಹೆಚ್ಚಿಸಿಕೊಂಡರು. ಹಸಿವನ್ನು ತಾಳಬಹುದು, ಶತ್ರುವಿನೆದುರು ಬರಿಗೈಯಲ್ಲಿ ನಿಲ್ಲಲಾಗದು ಎಂಬುದೇ ಅವರ ಲೆಕ್ಕ.

ಹಿಂದೆ ಈ ಹೊರೆಯಲ್ಲಿ ಕುದುರೆಗೂ ಪಾಲಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಪ್ಯಾಲೆಸ್ಟೈನಿನ ಮರಳುಗಾಡನ್ನು ದಾಟಿದಾಗ, ಅಲ್ಲಿಯ ದಂಡಿನ ಒಂದೊಂದು ಕುದುರೆಯೂ ಸವಾರನೂ ಸೇರಿ ಸುಮಾರು 125 ಕಿಲೋ ಹೊತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ದಾಳಿಯಾದಾಗ ಮೈಸೂರಿನ ಒಂದು ತುಕಡಿಗೆ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯುವ ಕೆಲಸ ಬಂದಿತು. ದಾರಿ ಎಷ್ಟು ಕಡಿದಾಗಿತ್ತೆಂದರೆ ಕುದುರೆಗಳು ಒಂದೊಂದಾಗಿ ಹಿಂದುಳಿದು ಕೊನೆಗೆ ಕೆಲವೇ ಮಂದಿ ಸವಾರರು ನೆತ್ತಿಯನ್ನು ಮುಟ್ಟಿ ಮೇಲೆ ಬಿದ್ದರು. ಜೋಧಪುರ ಮತ್ತು ಮೈಸೂರು ಪಡೆಗಳು ಅಂದು 1,350 ಮಂದಿಯನ್ನು ಸೆರೆಹಿಡಿದುವು. ಸತ್ತವರು 8 ಜನ. ಸತ್ತ ಕುದುರೆಗಳು 60. ವಿಜಯದ ವರದಿಗಳಲ್ಲಿ ಕುದುರೆಗಳ ಸಂಖ್ಯೆ ಕೊನೆಯ ಸಾಲಿಗೆ ಬರುತ್ತದೆ. ಅವುಗಳನ್ನು ಕೈಯಾರೆ ಮೈಯುಜ್ಜಿ ಸಾಕಿದ ಸವಾರನ ಮನಸ್ಸಿನಲ್ಲಿ ಅದು ಮೊದಲನೆಯ ಸಾಲಾಗಿದ್ದಿರಬೇಕು.

ಹೊರೆ ಹಗುರವಾದರೆ ಸುಖವೆಂದು ತಿಳಿಯುವಂತೆಯೂ ಇಲ್ಲ. 1962ರ ಅಕ್ಟೋಬರಿನಲ್ಲಿ ಈಶಾನ್ಯ ಗಡಿಯ ನಮ್ಕಾ ಚು ಕಣಿವೆಗೆ ಹೋದ ಜವಾನರ ಮೈಮೇಲೆ ಹತ್ತಿಯ ಉಡುಪಿತ್ತು, ಕೈಯಲ್ಲಿ ಹಳೆಯ ಬಂದೂಕಿತ್ತು, ತಲೆಗೆ 50 ಗುಂಡುಗಳಿದ್ದವು. ಆ ಬ್ರಿಗೇಡಿನ ಅಧಿಕಾರಿ ಜಾನ್ ದಳವಿಯವರು ಸೆರೆಸಿಕ್ಕಿ 1963ರ ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ ಬರೆದ ಪುಸ್ತಕವನ್ನು ರವಿ ಬೆಳಗೆರೆಯವರು ಕನ್ನಡಕ್ಕೆ ತಂದಿದ್ದಾರೆ. ಉಣ್ಣೆಯ ಕೋಟಿನ ಭಾರವಿಲ್ಲದಿದ್ದುದೇ ಅಲ್ಲಿ ಎಲ್ಲಕ್ಕಿಂತ ದೊಡ್ಡ ಭಾರವಾಯಿತು.

ಆದರೆ ಕನ್ನಡನಾಡಿನ ಮನೆಮನೆಗೂ ಯೋಧನ ಕಷ್ಟದ ಅರಿವನ್ನು ತಂದುದು ಸಿಯಾಚಿನ್. 1984ರ ಏಪ್ರಿಲ್‌ನಿಂದ ಭಾರತದ ಸೇನೆ ಆ ಹಿಮನದಿಯ ಮೇಲೆ ಕಾವಲಿದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಹವೆಯೇ ಹೆಚ್ಚು ಜನರನ್ನು ಕೊಂದಿದೆ. ಬರಿಗೈಯಿಂದ ಬಂದೂಕಿನ ಕಬ್ಬಿಣವನ್ನು ಮುಟ್ಟಿದರೆ ಚರ್ಮ ಅಂಟಿ ಕಿತ್ತುಬರುತ್ತದೆ. ಕಿತ್ತಳೆಹಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಸಿವು ಅಡಗುತ್ತದೆ, ನಿದ್ದೆ ಹತ್ತುವುದಿಲ್ಲ, ಮೈ ಇಳಿಯುತ್ತದೆ, ಮರೆವು ಕವಿಯುತ್ತದೆ. ಹಿಮದ ಬಿರುಕಿಗೆ ಒಬ್ಬನು ಬಿದ್ದರೆ ಉಳಿದವರು ಎಳೆದುಕೊಳ್ಳಲೆಂದು ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ತನ್ನ ಭಾರದೊಡನೆ ಮುಂದಿನವನ ಜೀವವನ್ನೂ ಸೊಂಟಕ್ಕೆ ಬಿಗಿದುಕೊಂಡಂತಾಯಿತು. ಮೇಲಿನ ಠಾಣೆಗೆ ಹೊರಡುವ ಮುನ್ನ ಅವರು ಓ.ಪಿ. ಬಾಬಾ ಎಂಬ ಗುಡಿಯ ಮುಂದೆ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವಂತೆಯೇ ಒಪ್ಪಿಸಿ ಹೋಗುತ್ತಾರೆ. ಹಿಂದೆಂದೋ ಅಲ್ಲಿ ಮಡಿದ ಸಿಪಾಯಿಯೊಬ್ಬನು ಈಗಲೂ ಕಾಯುತ್ತಿದ್ದಾನೆಂದು ಅವರ ನಂಬಿಕೆ. ನಗುವವರು ನಗಲಿ, ಆ ಎತ್ತರದಲ್ಲಿ ಹೆದರಿಕೆಯನ್ನು ಇಳಿಸಲು ಒಂದು ಕಟ್ಟೆ ಬೇಡವೇ?

2016ರ ಫೆಬ್ರವರಿ 3ರಂದು, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಬಂಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೆಯ ದಳದ ಹತ್ತು ಮಂದಿಯನ್ನು ಹುಗಿದುಹಾಕಿತು. ಅವರಲ್ಲಿ ಮೂವರು ಕನ್ನಡನಾಡಿನವರು: ತಿಪಟೂರಿಗೆ ನೆರೆಯಾದ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆಯ ಕಡೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 150ಕ್ಕೂ ಹೆಚ್ಚು ಜನ ಸೈನಿಕರು, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳೊಡನೆ, ಕಲ್ಲಿನಂತಹ ಗಡ್ಡೆಯನ್ನು ಹಗಲಿರುಳು ಕೊರೆದರು. ಆರು ದಿನಗಳಾದ ಮೇಲೆ ಸುಮಾರು 25 ಅಡಿಯ ಆಳದಲ್ಲಿ ಹನುಮಂತಪ್ಪನವರು ಜೀವಸಹಿತ ಸಿಕ್ಕಿದರು. ಊರೂರಿನಲ್ಲಿ ಪೂಜೆ, ಪ್ರಾರ್ಥನೆಗಳು ನಡೆದುವು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಸತ್ತವರನ್ನು ನಾಡು ನೆನೆಯಿತು, ಅದು ಉಚಿತವೇ. ಗಡ್ಡೆಯನ್ನು ಕೊರೆದು ಜೊತೆಗಾರರ ಶವಗಳನ್ನು ಒಂದೊಂದಾಗಿ ಎತ್ತಿದ ಆ ನೂರೈವತ್ತು ಮಂದಿ ಮಾತ್ರ ಮತ್ತೆ ತಮ್ಮ ತಮ್ಮ ಠಾಣೆಗಳಿಗೆ ಹೋದರು. ಅವರು ಕಂಡುದನ್ನು ಇಳಿಸಿಕೊಳ್ಳಲು ಯಾವ ಮೂಟೆ ಬಿಚ್ಚಬೇಕು?

ಈ ಎರಡನೆಯ ಹೊರೆಗೆ ವೈದ್ಯರು ಕಾಲಕಾಲಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳಲ್ಲಿ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದನ್ನು ಕಂಡ ಡಾ. ಡಾಕೋಸ್ಟಾ 1871ರಲ್ಲಿ ಅದನ್ನು ಹೃದಯದ ವ್ಯಾಧಿಯೆಂದು ವರ್ಣಿಸಿದರು. 1915ರಲ್ಲಿ ಅದು ‘ಶೆಲ್ ಶಾಕ್’ ಆಯಿತು. ಆ ಯುದ್ಧದಲ್ಲಿ ಓಡಿಹೋದರೆಂದೋ ಹೇಡಿಗಳೆಂದೋ ಬ್ರಿಟಿಷ್ ಸೇನೆ ತನ್ನವರನ್ನೇ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿತು. ಹಾಗೆ ಸತ್ತ 306 ಮಂದಿಗೆ ಕ್ಷಮೆ ದೊರೆತುದು 2006ರಲ್ಲಿ, ತೊಂಬತ್ತು ವರ್ಷಗಳ ಅನಂತರ! 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಬೇನೆಯನ್ನು ತಮ್ಮ ಗ್ರಂಥದಲ್ಲಿ ವಿಧಿವತ್ತಾಗಿ ಸೇರಿಸಿಕೊಂಡರು. ಅದು ಹೇಡಿತನವಲ್ಲ, ಗಾಯವೆಂದು ಒಪ್ಪಿಕೊಳ್ಳಲು ಲೋಕಕ್ಕೆ ಇಷ್ಟು ಕಾಲ ಹಿಡಿಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇರುವಾಗ ಅದಕ್ಕೆ ಚಿಕಿತ್ಸೆಯಿಲ್ಲವೆಂದು ಕೊರಗಬೇಕಾದುದೂ ಇಲ್ಲ.

ಆದರೂ ಅದು ಮನೆಯಲ್ಲಿ ಹೊರಬೀಳುವ ಬಗೆಯೇ ಬೇರೆ. ರಜೆಯ ಮೇಲೆ ಬಂದ ಮಗ ಹಬ್ಬದ ಪಟಾಕಿಗೆ ಬೆಚ್ಚಿ ಒಳಕ್ಕೆ ಹೋಗುತ್ತಾನೆ. ನಡುರಾತ್ರಿ ಎದ್ದು ಜಗಲಿಯಲ್ಲಿ ಕುಳಿತಿರುತ್ತಾನೆ. ‘ಅಲ್ಲಿ ಚಳಿ ಹೇಗಪ್ಪಾ?’ ಎಂದು ತಂದೆ ಕೇಳಿದರೆ ‘ಅಂಥದೇನಿಲ್ಲ’ ಎಂದು ಮಾತು ಮುಗಿಸುತ್ತಾನೆ. ದೊಡ್ಡವರು ಅದನ್ನು ಬಿಂಕವೆನ್ನುವುದುಂಟು. ಹೇಳಿದರೆ ಇವರೂ ನಿದ್ದೆ ಕೆಟ್ಟಾರು ಎಂಬ ಮರುಕ ಅದು ಎಂಬುದು ಹೆಂಡತಿಗೆ ಮಾತ್ರ ತಿಳಿದಿರುತ್ತದೆ. ಆಕೆಯೂ ಏನನ್ನೂ ಕೇಳದೆ ಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತಾಳೆ.

ರಜೆ ತೀರುತ್ತದೆ. ತಿಪಟೂರಿನ ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಯನ್ನೋ ಹುಬ್ಬಳ್ಳಿಯ ಗಾಡಿಯನ್ನೋ ಕಾಯುತ್ತ ಮನೆಯವರೆಲ್ಲ ನಿಂತಿರುತ್ತಾರೆ. ಕಬ್ಬಿಣದ ಟ್ರಂಕು ಆಗಲೇ ಭಾರವಾಗಿದೆ. ತಾಯಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಬಳಿ ಅಲುಗಿಸಿ ನೋಡಿ, ನೀರಿಂಗಿ ಒಳಗಿನ ಉಂಡೆ ಗಡಗಡ ಎನ್ನುವುದನ್ನೇ ಆರಿಸಿ, ಕರಟ ತೆಗೆದು ಹತ್ತು ಕೊಬ್ಬರಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದಾಳೆ. ‘ಇನ್ನೂ ಯಾಕಮ್ಮ ಭಾರ?’ ಎನ್ನುತ್ತಲೇ ಮಗ ಟ್ರಂಕಿನ ಮುಚ್ಚಳ ತೆಗೆದು ಅದಕ್ಕೆ ಜಾಗ ಮಾಡುತ್ತಾನೆ.