ಗರ್ಭನಿರೋಧಕಗಳ ಅಡ್ಡಪರಿಣಾಮ: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಬಿಟ್ಟುಹೋಗಿದ್ದೇನು?

‘ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ಲ’, ‘ಕಾಪರ್-ಟಿ ಹೊಟ್ಟೆಯಿಂದ ಎದೆಗೆ ಏರುತ್ತೆ’, ‘ಗಂಡಸರು ಆಪರೇಷನ್ ಮಾಡಿಸ್ಕೊಂಡ್ರೆ ಶಕ್ತಿ ಹೋಗುತ್ತೆ’. ಇಂಥ ಸಂದೇಶಗಳು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಕೆಲವು ಪೂರ್ತಿ ಸುಳ್ಳು. ಇನ್ನು ಕೆಲವದರಲ್ಲಿ ಒಂದೆಳೆ ಸತ್ಯ ಇರುತ್ತದೆ, ಆದರೆ ಅಳತೆ ಇರುವುದಿಲ್ಲ. ಗರ್ಭನಿರೋಧಕಗಳಿಗೆ ಅಡ್ಡಪರಿಣಾಮವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಯಾವುದಕ್ಕೆ ಎಷ್ಟು, ಯಾರಿಗೆ ಹೆಚ್ಚು ಎಂಬುದನ್ನು ನೋಡೋಣ.

‘ಅಪಾಯ ದುಪ್ಪಟ್ಟು’ ಅಂದರೆ ಎಷ್ಟು?

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ನೀಡಿತು: ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ. ಸುದ್ದಿ ಹರಡಿ ಸಾವಿರಾರು ಮಹಿಳೆಯರು ಗಾಬರಿಯಾಗಿ ಮಾತ್ರೆ ನಿಲ್ಲಿಸಿದರು. ‘ದುಪ್ಪಟ್ಟು’ ಎಂಬುದು ಸುಳ್ಳಾಗಿರಲಿಲ್ಲ. ಆದರೆ ಹಳೆಯ ಮಾತ್ರೆಯಲ್ಲಿ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದ ತೊಂದರೆ, ಹೊಸ ಮಾತ್ರೆಯಲ್ಲಿ ಇಬ್ಬರಿಗೆ ಆಗಿತ್ತು, ಅಷ್ಟೇ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವು ಎಂಬ ಅಂದಾಜಿದೆ.

ಹಾಗಾಗಿ ‘ದುಪ್ಪಟ್ಟು’, ‘ಮೂರು ಪಟ್ಟು’ ಎಂಬ ಮಾತು ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು?

ಮಾತ್ರೆ: ಹೋಲಿಕೆ ಯಾವುದರ ಜೊತೆ?

ಮಾಲಾ-ಎನ್‌ನಂಥ ಮಾತ್ರೆಗಳಲ್ಲಿ ಎರಡು ಹಾರ್ಮೋನ್‌ಗಳಿರುತ್ತವೆ. ಇಂಥ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದು ನಿಜ. 10,000 ಮಹಿಳೆಯರನ್ನು ಒಂದು ವರ್ಷ ಗಮನಿಸಿದರೆ:

• ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯಲ್ಲದವರಲ್ಲಿ 1ರಿಂದ 5 ಮಂದಿಗೆ
• ಮಾತ್ರೆ ತೆಗೆದುಕೊಳ್ಳುವವರಲ್ಲಿ 3ರಿಂದ 9 ಮಂದಿಗೆ
• ಗರ್ಭಿಣಿಯರಲ್ಲಿ 5ರಿಂದ 20 ಮಂದಿಗೆ
• ಹೆರಿಗೆಯಾದ ಮೊದಲ 12 ವಾರಗಳ ಬಾಣಂತಿಯರಲ್ಲಿ, ಇದೇ ವಾರ್ಷಿಕ ಲೆಕ್ಕದಲ್ಲಿ, 40ರಿಂದ 65 ಮಂದಿಗೆ

ಅಂದರೆ ಮಾತ್ರೆಗಿಂತ ಗರ್ಭ ಮತ್ತು ಬಾಣಂತನದಲ್ಲೇ ಈ ಅಪಾಯ ಹೆಚ್ಚು. ಹೆದರಿ ಮಾತ್ರೆ ಬಿಟ್ಟು, ಬೇರೆ ದಾರಿ ಮಾಡಿಕೊಳ್ಳದೆ, ಬೇಡದ ಗರ್ಭ ನಿಂತರೆ ಅಪಾಯ ಕಡಿಮೆಯಾಗುವ ಬದಲು ಏರುತ್ತದೆ.

ಹಾಗೆಂದು ಮಾತ್ರೆ ಎಲ್ಲರಿಗೂ ಅಲ್ಲ. 35 ದಾಟಿದ ಧೂಮಪಾನಿಗಳು, ಬಿಪಿ ಇರುವವರು, ಕಣ್ಣಿಗೆ ಮಿಂಚು ಕಾಣಿಸಿಕೊಂಡು ಬರುವ ಮೈಗ್ರೇನ್ ಇರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಸ್ತನ ಕ್ಯಾನ್ಸರ್ ಬಂದವರು, ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು. ಕ್ಯಾನ್ಸರ್ ವಿಷಯದಲ್ಲಿ ಎರಡೂ ಬದಿಯ ಲೆಕ್ಕವಿದೆ: ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ, ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಇಳಿಯುತ್ತದೆ. ‘ಮುಂದೆ ಮಕ್ಕಳಾಗಲ್ಲ’ ಎಂಬುದು ಮಾತ್ರ ಸುಳ್ಳು. ಮಾತ್ರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಬಹುದು.

ಛಾಯಾ ಮತ್ತು ಅಂತರಾ

ಛಾಯಾ ಹಾರ್ಮೋನ್ ಇಲ್ಲದ ಮಾತ್ರೆ. ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿದ್ದು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾಲುಣಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಕೆಲವರಿಗೆ ಮುಟ್ಟು ತಡವಾಗುತ್ತದೆ.

ಅಂತರಾ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್. ಮುಟ್ಟು ಏರುಪೇರಾಗುವುದು, ಕ್ರಮೇಣ ನಿಂತೇ ಹೋಗುವುದು ಇದರಲ್ಲಿ ಸಾಮಾನ್ಯ. ‘ಕೆಟ್ಟ ರಕ್ತ ಒಳಗೇ ಉಳಿಯುತ್ತೆ’ ಎಂಬ ಭಯಕ್ಕೆ ಆಧಾರವಿಲ್ಲ. ಗರ್ಭಕೋಶದ ಒಳಪದರ ಬೆಳೆಯುವುದೇ ಕಡಿಮೆಯಾಗುವುದರಿಂದ ಹೊರಬರಲು ಹೆಚ್ಚೇನೂ ಇರುವುದಿಲ್ಲ. ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಬಹುಪಾಲು ಮರಳುತ್ತದೆ. ಆದರೆ ಕೊನೆಯ ಇಂಜೆಕ್ಷನ್ ನಂತರ ಮತ್ತೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕಾಗುತ್ತದೆ. ಬೇಗ ಮಗು ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ಕಾಪರ್-ಟಿ ಎದೆಗೆ ಏರುತ್ತದೆಯೇ?

ಇಲ್ಲ. ಗರ್ಭಕೋಶದಿಂದ ಎದೆಗೆ ಅದು ಏರಿ ಹೋಗುವಂಥ ದಾರಿಯೇ ಇಲ್ಲ. ಈ ಭಯದ ಹಿಂದಿರುವ ನಿಜ ಸಂಗತಿ ಬೇರೆ: ಹಾಕುವಾಗ ಸುಮಾರು ಸಾವಿರಕ್ಕೊಬ್ಬರಲ್ಲಿ ಅದು ಗರ್ಭಕೋಶದ ಗೋಡೆಯನ್ನು ಚುಚ್ಚಬಹುದು. ಕೆಲವರಲ್ಲಿ ತಾನಾಗಿಯೇ ಜಾರಿ ಹೊರಬರುತ್ತದೆ. ಮೊದಲ ಕೆಲವು ತಿಂಗಳು ಹೊಟ್ಟೆನೋವು, ಹೆಚ್ಚು ರಕ್ತಸ್ರಾವ ಇರಬಹುದು. ಮೊದಲೇ ರಕ್ತಹೀನತೆ ಇರುವವರು ಇದನ್ನು ವೈದ್ಯರಿಗೆ ಹೇಳಲೇಬೇಕು. ಹಾಕಿಸಿಕೊಂಡ ನಂತರದ ತಪಾಸಣೆಗೆ ಹೋಗುವುದು ಇದಕ್ಕಾಗಿಯೇ. ಒಮ್ಮೆ ಸರಿಯಾಗಿ ಕೂತರೆ 380ಎ ಮಾದರಿ 10 ವರ್ಷ ಕೆಲಸ ಮಾಡುತ್ತದೆ.

ಆಪರೇಷನ್ ಅವಳಿಗೇ ಏಕೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡನಿಗೆ ಆಗಿರುವುದು ಶೇ 0.3ರಷ್ಟು ಮಾತ್ರ. ಕರ್ನಾಟಕದಲ್ಲಿ ಮಹಿಳೆಯರ ಪಾಲು ಇನ್ನೂ ದೊಡ್ಡದು.

ಅಪಾಯದ ಲೆಕ್ಕ ನೋಡಿದರೆ ಇದು ತಿರುಗುಮುರುಗು. ಮಹಿಳೆಯರ ಆಪರೇಷನ್‌ಗೆ ಹೊಟ್ಟೆಯೊಳಗೆ ಕೈಯಿಡಬೇಕು. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಮಹಿಳೆಯರು ಸತ್ತರು. ಇಂಥ ಶಿಬಿರಗಳನ್ನು ನಿಲ್ಲಿಸುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ಪುರುಷರ ವ್ಯಾಸೆಕ್ಟಮಿ ಹೊಟ್ಟೆ ಮುಟ್ಟದ, ಚರ್ಮಕ್ಕಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಚಿಕಿತ್ಸೆ. ‘ಶಕ್ತಿ ಹೋಗುತ್ತೆ’ ಎಂಬುದು ಸುಳ್ಳು. ಹಾರ್ಮೋನ್ ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ, ಕತ್ತರಿಸುವ ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವರಿಗೆ ಊತ, ನೋವು ಇರಬಹುದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಾಗುವವರೆಗೆ ಕಾಂಡೋಮ್ ಬಳಸಲೇಬೇಕು.

ಕಾಂಡೋಮ್‌ನಲ್ಲಿ ಅಡ್ಡಪರಿಣಾಮ ಅತಿ ಕಡಿಮೆ, ಲೈಂಗಿಕ ರೋಗಗಳಿಂದ ರಕ್ಷಣೆಯೂ ಉಂಟು. ಆದರೆ ದಿನನಿತ್ಯದ ಬಳಕೆಯಲ್ಲಿ ವರ್ಷಕ್ಕೆ 100 ಮಹಿಳೆಯರಲ್ಲಿ ಸುಮಾರು 13 ಮಂದಿಗೆ ಗರ್ಭ ನಿಲ್ಲುತ್ತದೆ. ಕಾಪರ್-ಟಿಯಲ್ಲಿ ಈ ಸಂಖ್ಯೆ ಒಂದಕ್ಕಿಂತ ಕಡಿಮೆ.

ಇವು ಕಂಡರೆ ಕಾಯಬೇಡಿ

ಮಾತ್ರೆ ತೆಗೆದುಕೊಳ್ಳುವಾಗ ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ತೊಂದರೆ, ಹಠಾತ್ ಕಣ್ಣು ಮಂಜಾಗುವುದು. ಕಾಪರ್-ಟಿ ಇದ್ದಾಗ ಜ್ವರದೊಂದಿಗೆ ಕಿಬ್ಬೊಟ್ಟೆ ನೋವು ಅಥವಾ ಮುಟ್ಟು ತಪ್ಪುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಮ್ಮ ತೀರ್ಮಾನ

ಅಪಾಯವೇ ಇಲ್ಲದ ವಿಧಾನವಿಲ್ಲ, ಎಲ್ಲರಿಗೂ ಒಗ್ಗುವ ವಿಧಾನವೂ ಇಲ್ಲ. ವಯಸ್ಸು, ಬಿಪಿ, ಹಾಲುಣಿಸುವಿಕೆ, ಮುಂದೆ ಮಗು ಬೇಕೇ ಬೇಡವೇ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಮೇಲೆ ಹೇಳಿದ ವಿಧಾನಗಳು ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಎಲ್ಲಿ, ಯಾವಾಗ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಫಾರ್ವರ್ಡ್ ನೋಡಿ ಭಯವಾದರೆ, ಮಾತ್ರೆ ನಿಲ್ಲಿಸುವ ಮೊದಲು ವೈದ್ಯರ ಹತ್ತಿರ ಮಾತಾಡಿ. ನಿಲ್ಲಿಸಲೇಬೇಕೆಂದರೆ ಅದೇ ದಿನ ಇನ್ನೊಂದು ವಿಧಾನ ಶುರು ಮಾಡಿ. ‘ದುಪ್ಪಟ್ಟು’ ಎಂಬ ಸಂದೇಶವನ್ನು ಗ್ರೂಪಿಗೆ ಹಾಕುವ ಮೊದಲು ‘ಎಷ್ಟರಿಂದ ಎಷ್ಟಕ್ಕೆ?’ ಎಂದು ಕಳಿಸಿದವರನ್ನೇ ಒಮ್ಮೆ ಕೇಳಿ.