ಹೂಬಿಟ್ಟ ಬೀದಿಗಳಲ್ಲಿ

ಚೈತ್ರ ಮತ್ತು ವೈಶಾಖಗಳು ವಸಂತ ಋತುವಿನ ಮಾಸಗಳೆಂದು ಪಂಚಾಂಗ ಹೇಳುತ್ತದೆ. ಆದರೆ ಕನ್ನಡನಾಡಿನ ಬಯಲುಸೀಮೆಯಲ್ಲಿ ಹೂಮರಗಳು ಪಂಚಾಂಗವನ್ನು ಕಾಯುತ್ತ ಕುಳಿತುಕೊಳ್ಳುವುದಿಲ್ಲ. ಮಾಘ ಮಾಸದಲ್ಲಿಯೇ ಬೂರುಗದ ಮರ ಕೆಂಪು ಹೂಗಳನ್ನು ಹೊತ್ತು ನಿಲ್ಲುತ್ತದೆ. ಫಾಲ್ಗುಣದಲ್ಲಿ ಮುತ್ತುಗ ಕೆಂಡದಂತೆ ಅರಳುತ್ತದೆ. ಯುಗಾದಿಯ ಹೊತ್ತಿಗೆ ಬೇವು-ಬೆಲ್ಲಕ್ಕೆ ಬೇಕಾದ ಬೇವಿನ ಹೂ ಸಿದ್ಧವಾಗಿರುತ್ತದೆ. ಹಿಂದೆ ಹಬ್ಬದ ಬೆಳಗಿನಲ್ಲಿ ಮನೆಯ ಹಿರಿಯರು ಮಾವಿನ ತಳಿರನ್ನೂ ಬೇವಿನ ಹೂವನ್ನೂ ತರಲು ಹೊರಟರೆ, ಊರಿನ ಯಾವ ಮೂಲೆಯಲ್ಲಿ ಯಾವ ಮರವಿದೆಯೆಂಬುದು ಅವರಿಗೆ ತಿಳಿದಿರುತ್ತಿತ್ತು. ಇಂದು ನಗರಗಳಲ್ಲಿ ತಳಿರೂ ಹೂವೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಕೊಳ್ಳುವವನಿಗೆ ಅನುಕೂಲವಾಯಿತು, ಆದರೆ ಮರದ ಪರಿಚಯ ತಪ್ಪಿಹೋಯಿತು. ಈ ಪರಿಚಯವನ್ನು ಮರಳಿ ಗಳಿಸಲು ಸುಲಭವಾದ ದಾರಿಯೊಂದಿದೆ. ಹೂಬಿಡುವ ಕಾಲದಲ್ಲಿ ಹತ್ತು ಜನ ಕೂಡಿ ತಮ್ಮ ಊರಿನ ಬೀದಿಗಳಲ್ಲಿಯೇ ನಡೆದು ನೋಡುವುದೇ ಆ ದಾರಿ. ಬೆಂಗಳೂರು ನಗರ ಇದಕ್ಕೆ ಒಳ್ಳೆಯ ನಿದರ್ಶನ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಹಿತವಾದ ಹವೆ ನಾನಾ ದೇಶಗಳ ಸಸ್ಯಗಳಿಗೆ ಒಗ್ಗುತ್ತದೆ. 1760ರಲ್ಲಿ ಹೈದರಾಲಿಯು ಇಲ್ಲಿ ಲಾಲ್‌ಬಾಗ್ ತೋಟಕ್ಕೆ ಅಡಿಪಾಯ ಹಾಕಿದನು. ಅವನ ಮಗ ಟಿಪ್ಪು ಸುಲ್ತಾನನು ದೂರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದನು. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1870ರಲ್ಲಿ ಕಬ್ಬನ್ ಉದ್ಯಾನ ರೂಪುಗೊಂಡಿತು. ಆದರೆ ಹೂವಿನ ಸೊಬಗು ಉದ್ಯಾನದ ಬೇಲಿಯೊಳಗೆ ನಿಲ್ಲದೆ ಬೀದಿಬೀದಿಗೂ ಹರಿದುಬಂದದ್ದು ಒಬ್ಬ ಜರ್ಮನ್ ತಜ್ಞನ ದೂರದೃಷ್ಟಿಯಿಂದ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಜರ್ಮನಿಯಲ್ಲಿ 1865ರಲ್ಲಿ ಜನಿಸಿದರು. ಇಂಗ್ಲೆಂಡಿನ ಪ್ರಸಿದ್ಧ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಅವರು 1932ರವರೆಗೆ ಇಲ್ಲಿ ಸೇವೆ ಸಲ್ಲಿಸಿದರು. 1956ರಲ್ಲಿ ಬೆಂಗಳೂರಿನಲ್ಲಿಯೇ ನಿಧನರಾಗಿ, ಇಲ್ಲಿನ ಮಣ್ಣಿನಲ್ಲಿಯೇ ವಿಶ್ರಮಿಸಿದರು. ಅವರ ಯೋಜನೆ ಸರಳವಾದುದು, ಆದರೆ ಫಲ ದೊಡ್ಡದು. ಎಲ್ಲ ಬೀದಿಗಳಲ್ಲಿಯೂ ಒಂದೇ ಜಾತಿಯ ಮರ ನೆಟ್ಟರೆ ನಗರವೆಲ್ಲ ಒಂದು ತಿಂಗಳು ಹೂವಾಗಿ, ಉಳಿದ ಹನ್ನೊಂದು ತಿಂಗಳು ಬರಿದಾಗಿರುತ್ತದೆ. ಬೇರೆಬೇರೆ ಕಾಲದಲ್ಲಿ ಹೂಬಿಡುವ ಜಾತಿಗಳನ್ನು ಆಯ್ದು, ಒಂದೊಂದು ಬೀದಿಗೆ ಒಂದೊಂದನ್ನು ನೆಟ್ಟರೆ, ವರ್ಷದ ಯಾವ ತಿಂಗಳಿನಲ್ಲಿಯೂ ನಗರದ ಯಾವುದಾದರೊಂದು ಬೀದಿ ಹೂಬಿಟ್ಟಿರುತ್ತದೆ. ಇದನ್ನು ಸರದಿಯ ಹೂಬಿಡುವಿಕೆ ಎನ್ನಬಹುದು.

ಈ ಸರದಿಯನ್ನು ಇಂದಿಗೂ ಕಾಣಬಹುದು. ಚಳಿಗಾಲ ಮುಗಿಯುವ ಮೊದಲೇ ನಸುಗೆಂಪಿನ ಟಬೆಬುಯಾ ಅರಳುತ್ತದೆ. ಅದು ಮಧ್ಯ ಅಮೆರಿಕದ ಕಡೆಯ ಮರ. ಅದರ ಹಿಂದೆಯೇ ಹಳದಿ ಟಬೆಬುಯಾ ಮತ್ತು ದಕ್ಷಿಣ ಅಮೆರಿಕ ಮೂಲದ ನೇರಳೆ ಬಣ್ಣದ ಜಕರಂಡ ಬರುತ್ತವೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ನಮ್ಮ ನಾಡಿನದೇ ಆದ ಹೊಂಗೆ ಎಳೆಹಸಿರು ಚಿಗುರಿನ ನಡುವೆ ಸಣ್ಣ ಹೂಗಳನ್ನು ತಳೆಯುತ್ತದೆ. ಉದುರಿದ ಹೂಗಳು ನೆಲದ ಮೇಲೆ ಪುರಿ ಚೆಲ್ಲಿದಂತೆ ಕಾಣುತ್ತವೆ. ಬಿಸಿಲು ಏರಿದಂತೆ ಕಕ್ಕೆಮರ ಹೊನ್ನಿನ ಗೊಂಚಲುಗಳನ್ನು ಇಳಿಬಿಡುತ್ತದೆ, ಹೊಳೆದಾಸವಾಳ ಅರಳುತ್ತದೆ. ಕೊನೆಗೆ ಮಡಗಾಸ್ಕರ್ ದ್ವೀಪದಿಂದ ಬಂದ ಗುಲ್‌ಮೊಹರ್ ಬೀದಿಗೆ ಕೆಂಪು ಚಪ್ಪರ ಕಟ್ಟಿ ಮುಂಗಾರನ್ನು ಎದುರುಗೊಳ್ಳುತ್ತದೆ.

ಇವುಗಳಲ್ಲಿ ಹಲವು ಮರಗಳು ಎಲೆಯುದುರಿಸಿದ ಮೇಲೆ ಹೂಬಿಡುವುದೇಕೆ ಎಂಬ ಪ್ರಶ್ನೆ ನೋಡುವವರಿಗೆ ಸಹಜವಾಗಿ ಹುಟ್ಟುತ್ತದೆ. ಬೇಸಿಗೆಯಲ್ಲಿ ನೆಲದ ತೇವ ಕಡಿಮೆ. ಎಲೆಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಆದುದರಿಂದ ಮರ ಎಲೆಗಳನ್ನು ಕಳಚಿ ನೀರನ್ನು ಉಳಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೂಡಿಟ್ಟ ಆಹಾರವನ್ನು ಬಳಸಿ ಹೂಬಿಡುತ್ತದೆ. ಎಲೆಗಳ ಮರೆಯಿಲ್ಲದ ಕಾರಣ ಹೂಗಳು ದೂರದಿಂದಲೇ ಕಾಣುತ್ತವೆ. ಮುತ್ತುಗದ ಕೆಂಪಿಗೆ ಸೂರಕ್ಕಿ, ಗೊರವಂಕ ಮೊದಲಾದ ಹಕ್ಕಿಗಳು ಬಂದು ಮಕರಂದ ಹೀರುತ್ತವೆ, ಆಗ ಪರಾಗ ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಹೀಗೆ ಬೇಸಿಗೆಯಲ್ಲಿ ಕಾಯಿ ಕಟ್ಟಿದರೆ, ಬೀಜಗಳು ಮಳೆ ಬರುವ ವೇಳೆಗೆ ಬಲಿತು ನೆಲಕ್ಕೆ ಬಿದ್ದು ಮೊಳೆಯಲು ಅನುಕೂಲವಾಗುತ್ತದೆ. ಮನುಷ್ಯನ ಕಣ್ಣಿಗೆ ಹಬ್ಬವೆನಿಸುವ ಹೂವು ಮರದ ಪಾಲಿಗೆ ಸಂತಾನದ ಚಿಂತೆಯಾಗಿದೆ.

ಇಂತಹ ಸಂಗತಿಗಳು ಒಬ್ಬನೇ ಅವಸರದಲ್ಲಿ ನಡೆದುಹೋಗುವವನ ಗಮನಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಆಸಕ್ತರು ರಜಾದಿನದ ಬೆಳಗಿನಲ್ಲಿ ಒಂದೆಡೆ ಸೇರಿ, ಬಲ್ಲವರೊಬ್ಬರ ಮಾರ್ಗದರ್ಶನದಲ್ಲಿ ಲಾಲ್‌ಬಾಗ್, ಕಬ್ಬನ್ ಉದ್ಯಾನ ಮತ್ತು ಹಳೆಯ ಬಡಾವಣೆಗಳಲ್ಲಿ ಮರಗಳನ್ನು ನೋಡುತ್ತ ನಡೆಯುವ ಪದ್ಧತಿ ಬೆಳೆದಿದೆ. 2014ರಲ್ಲಿ ನಾಗರಿಕರೇ ಸೇರಿ ‘ನೆರಳು’ ಎಂಬ ಮರಗಳ ಹಬ್ಬವನ್ನೂ ಆರಂಭಿಸಿದರು. ಇಂತಹ ನಡಿಗೆಗೆ ಹಣ ಬೇಕಿಲ್ಲ, ವಾಹನ ಬೇಕಿಲ್ಲ. ಬಿಸಿಲೇರುವ ಮುನ್ನ ಎರಡು ಗಂಟೆಗಳ ಬಿಡುವಿದ್ದರೆ ಸಾಕು.

ಗುಂಪಿನಲ್ಲಿ ನಡೆಯುವುದರ ಲಾಭವೆಂದರೆ ಪ್ರತಿಯೊಬ್ಬರೂ ಏನನ್ನಾದರೂ ತರುತ್ತಾರೆ. ಸಸ್ಯಶಾಸ್ತ್ರ ಬಲ್ಲವರು ಮರದ ಕುಲವನ್ನು ವಿವರಿಸುತ್ತಾರೆ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಮುತ್ತುಗದ ಎಲೆಗಳನ್ನು ಹೊಲಿದು ಊಟದೆಲೆ ಮಾಡುವ ಬಗೆಯನ್ನೂ, ಹೊಂಗೆಯೆಣ್ಣೆಯ ದೀಪವನ್ನೂ, ಹೊಂಗೆಸೊಪ್ಪನ್ನು ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದುದನ್ನೂ ನೆನೆಯುತ್ತಾರೆ. ಸಂಸ್ಕೃತ ಓದಿದವರು ಮುತ್ತುಗಕ್ಕೆ ‘ಕಿಂಶುಕ’ ಎಂಬ ಹೆಸರು ಬಂದುದನ್ನು ತಿಳಿಸುತ್ತಾರೆ. ಗಿಳಿಯ ಕೊಕ್ಕಿನಂತಿರುವ ಆ ಹೂವನ್ನು ಕಂಡವರು ‘ಇದೇನು ಗಿಳಿಯೇ?’ ಎಂದು ಬೆರಗಾದರಂತೆ. ಮಕ್ಕಳ ಕಣ್ಣು ಇವರೆಲ್ಲರ ಕಣ್ಣಿಗಿಂತ ಚುರುಕು. ಗುಲ್‌ಮೊಹರಿನ ಐದು ದಳಗಳಲ್ಲಿ ಒಂದು ಮಾತ್ರ ಬಿಳಿ ಹಳದಿ ಬಣ್ಣ ಬೆರೆತು ಬೇರೆಯಾಗಿರುವುದನ್ನು, ಸಂಜೆಯಾದೊಡನೆ ಮಳೆಮರದ ಎಲೆಗಳು ಮಡಿಸಿಕೊಳ್ಳುವುದನ್ನು ಮೊದಲು ಕಾಣುವವರು ಅವರೇ. ಇಂತಹ ನಡಿಗೆಗೆ ನಿಯಮವೂ ಉಂಟು. ರೆಂಬೆ ಮುರಿಯಬಾರದು, ಹೂ ಕೀಳಬಾರದು. ಬಿದ್ದ ಹೂವನ್ನು ಮಾತ್ರ ಎತ್ತಿಕೊಳ್ಳಬೇಕು. ಹಕ್ಕಿಗಳು ಬೆದರದಂತೆ ಮಾತು ಮೆಲುವಾಗಿರಬೇಕು.

ಹೂವನ್ನು ನೋಡಿ ನಲಿಯುವುದು ಕೇವಲ ಕಾಲಹರಣವೆಂದು ಕೆಲವರು ಭಾವಿಸಬಹುದು. ಜಪಾನಿನ ಉದಾಹರಣೆ ಈ ಭಾವನೆಯನ್ನು ಹೋಗಲಾಡಿಸುತ್ತದೆ. ಅಲ್ಲಿನ ಜನ ಚೆರಿ ಮರಗಳು ಅರಳಿದಾಗ ಬಂಧುಮಿತ್ರರೊಡನೆ ಮರದಡಿಯಲ್ಲಿ ಕೂಡಿ ನಲಿಯುತ್ತಾರೆ. ಈ ಸಂಪ್ರದಾಯ ಬಹು ಪುರಾತನವಾದುದು. ಕ್ಯೋಟೊ ನಗರದಲ್ಲಿ ಹಿಂದಿನವರು ದಿನಚರಿಗಳಲ್ಲಿ ಬರೆದಿಟ್ಟ ಹೂವಿನ ಕೂಟಗಳ ದಿನಾಂಕಗಳನ್ನು ವಿಜ್ಞಾನಿಗಳು ಒಟ್ಟುಗೂಡಿಸಿದ್ದಾರೆ. ಸುಮಾರು 1200 ವರ್ಷಗಳ ಆ ದಾಖಲೆಯಲ್ಲಿ, 1409ರಲ್ಲಿ ಮಾರ್ಚ್ 27ರಂದು ಹೂ ಪೂರ್ಣವಾಗಿ ಅರಳಿದ್ದೇ ಬಹುಕಾಲ ಅತಿ ಮುಂಚಿನದಾಗಿತ್ತು. 2021ರಲ್ಲಿ ಮಾರ್ಚ್ 26ರಂದೇ ಹೂವರಳಿ ಆ ದಾಖಲೆ ಮುರಿಯಿತು. ಭೂಮಿಯ ಹವೆ ಬಿಸಿಯಾಗುತ್ತಿರುವುದಕ್ಕೆ ಇದೊಂದು ಸಾಕ್ಷಿ. ಸಂತೋಷಕ್ಕಾಗಿ ಹೂ ನೋಡಿದವರ ಟಿಪ್ಪಣಿ ವಿಜ್ಞಾನಕ್ಕೆ ಆಧಾರವಾಯಿತು. ಭಾರತದಲ್ಲಿಯೂ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾಮಕ್ಕಳು ತಮ್ಮ ಸಮೀಪದ ಮರವೊಂದನ್ನು ಆರಿಸಿಕೊಂಡು, ಅದರ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ಗಮನಿಸಿ ಬರೆದಿಡುತ್ತಾರೆ.

ಬೆಂಗಳೂರಿನ ಹೂಮರಗಳು ತಾವಾಗಿಯೇ ಉಳಿದುಬಂದವುಗಳಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇಂದು ನೆರಳು ನೀಡುತ್ತಿರುವ ಎಷ್ಟೋ ಮರಗಳು ಆ ಶ್ರಮದ ಫಲ. ಆದರೆ ನಗರ ಬೆಳೆದಂತೆ ರಸ್ತೆಗಳನ್ನು ಅಗಲಗೊಳಿಸಲು, ಕಟ್ಟಡಗಳನ್ನು ಏರಿಸಲು ಹಳೆಯ ಮರಗಳನ್ನು ಉರುಳಿಸಲಾಗಿದೆ. ಮಲ್ಲೇಶ್ವರದ ಒಂದು ರಸ್ತೆಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಇಂಗ್ಲಿಷ್ ಹೆಸರಾದ ಮಾರ್ಗೋಸ. ಹೆಸರಿನ ಫಲಕ ಉಳಿದು ಮರವೇ ಇಲ್ಲವಾದರೆ ಮುಂದಿನವರಿಗೆ ಆ ಹೆಸರಿನ ಅರ್ಥವೂ ತಿಳಿಯದು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಖಾಸಗಿ ನಿವೇಶನದಲ್ಲಿರುವ ಮರವನ್ನು ಕಡಿಯಲು ಸಹ ವೃಕ್ಷಾಧಿಕಾರಿಯ ಅನುಮತಿ ಬೇಕು. ಹೆಚ್ಚಿನ ಸಂಖ್ಯೆಯ ಮರಗಳನ್ನು ಕಡಿಯುವ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕೆಂಬ ನಿಯಮವೂ ಇದೆ. ಆದರೆ ಆಕ್ಷೇಪಿಸಲು ಮೊದಲು ಆ ಮರವನ್ನು ಬಲ್ಲವರಿರಬೇಕಷ್ಟೆ! ಹೆಸರು ತಿಳಿಯದ ಮರ ಉರುಳಿದರೆ ಬೀದಿಯವರಿಗೆ ಬಿಸಿಲು ಹೆಚ್ಚಿತೆಂದು ಮಾತ್ರ ಅನ್ನಿಸುತ್ತದೆ. ಪ್ರತಿ ವರ್ಷ ಅದರ ಹೂವನ್ನು ಕಾದು ನೋಡಿದವರು ಕೊಡಲಿ ಬೀಳುವ ಮೊದಲೇ ಪ್ರಶ್ನಿಸುತ್ತಾರೆ.

ಇದು ಬೆಂಗಳೂರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಮೈಸೂರು, ಧಾರವಾಡ, ಶಿವಮೊಗ್ಗಗಳಂತಹ ಊರುಗಳಲ್ಲಿಯೂ ಹೂಬಿಡುವ ಬೀದಿಗಳಿವೆ. ಕೆರೆಯ ಏರಿಯ ಮೇಲೆ ನಾಲ್ಕು ಹೊಂಗೆಮರಗಳೂ ಹೊಲದ ಬದುವಿನಲ್ಲಿ ಒಂದು ಮುತ್ತುಗವೂ ಇರುವ ಹಳ್ಳಿಯಲ್ಲಿಯೂ ವಸಂತದ ನಡಿಗೆ ಸಾಧ್ಯ. ವಿದ್ಯಾರ್ಥಿಗಳು ಯುಗಾದಿಯ ಆಸುಪಾಸಿನ ಒಂದು ಬೆಳಗಿನಲ್ಲಿ ಗೆಳೆಯರೊಡನೆ, ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹೊರಟು, ಕಂಡ ಮರಗಳ ಹೆಸರನ್ನೂ ಹೂವರಳಿದ ದಿನವನ್ನೂ ಬರೆದಿಟ್ಟರೆ ಅದು ಊರಿನ ಚರಿತ್ರೆಯ ಒಂದು ಪುಟವಾಗುತ್ತದೆ. ಮರು ವರ್ಷ ಅದೇ ಹಾದಿಯಲ್ಲಿ ನಡೆದಾಗ ಯಾವ ಮರ ಬೇಗ ಅರಳಿತು, ಯಾವುದು ತಡವಾಯಿತು, ಯಾವುದು ಇಲ್ಲವಾಯಿತು ಎಂಬುದು ತಿಳಿಯುತ್ತದೆ. ಇಲ್ಲವಾದ ಮರದ ಜಾಗದಲ್ಲಿ ಒಂದು ಸಸಿ ನೆಟ್ಟು, ಬೇಲಿ ಕಟ್ಟಿ, ಎರಡು ಬೇಸಿಗೆ ನೀರೆರೆದರೆ, ಅದರ ಹೂವನ್ನು ನೋಡಲು ಮುಂದಿನ ತಲೆಮಾರಿನ ಮಕ್ಕಳು ಅದೇ ಹಾದಿಯಲ್ಲಿ ಬರುತ್ತಾರೆ.